ನೀಸ್ ಕಡಲತೀರದಲ್ಲಿ ಅವಸರವಿಲ್ಲದ ಒಂದು ದಿನ: ಏನು ನೋಡೋದು, ಏನು ತಿನ್ನೋದು?

ಮೈಸೂರಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮಗ ಫ್ರಾನ್ಸಿನ ಸೋಫಿಯಾ ಆಂತಿಪೋಲಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಮನೆ ಮಾಡಿರೋದು ನೀಸ್ ಊರಲ್ಲಿ. ಮೇ ತಿಂಗಳಲ್ಲಿ ನಾನೂ ನಮ್ಮೆಜಮಾನ್ರೂ ಅಲ್ಲಿಗೆ ಹೊರಟಿದ್ದೀವಿ. ಶನಿವಾರ, ಭಾನುವಾರ ಅವನೇ ಕಾರಿನಲ್ಲಿ ಸುತ್ತಿಸ್ತಾನಂತೆ. ಅವನು ಕಳಿಸಿರೋ ಪಟ್ಟಿ ನೋಡಿ ನಮ್ಮೆಜಮಾನ್ರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದ್ರು: ಒಂದೇ ದಿನಕ್ಕೆ ಕಾನ್, ಆಂತೀಬ್, ಎಝ್, ಮೊನಾಕೊ! ಅವನ ಉತ್ಸಾಹಕ್ಕೆ ನಾನು ಅಡ್ಡ ಬರಲ್ಲ, ಆ ಎರಡು ದಿನ ಅವನದು.

ನನಗೆ ಬೇಕಿರೋದು ವಾರದ ಮಧ್ಯೆ ಒಂದು ದಿನ. ಅವನು ಆಫೀಸಿಗೆ ಹೋದ್ಮೇಲೆ ನಾವಿಬ್ಬರೇ ಮನೆ ಬಿಟ್ಟು, ಸಮುದ್ರದ ಪಕ್ಕದಲ್ಲೇ ಓಡಾಡಿ, ಬೇಕಾದ ಕಡೆ ಕೂತು, ಅಲ್ಲಿನವರು ತಿನ್ನೋದನ್ನ ತಿಂದು, ಕತ್ತಲಾಗೋ ಹೊತ್ತಿಗೆ ವಾಪಸ್ ಬರಬೇಕು. ಮ್ಯೂಸಿಯಂ ಬೇಡ. ಶಾಪಿಂಗ್ ಅಂತೂ ಬೇಡವೇ ಬೇಡ.

ತೊಡಕುಗಳನ್ನೂ ಹೇಳಿಬಿಡ್ತೀನಿ. ನಾನು ಸಸ್ಯಾಹಾರಿ, ಕೇಕಿನಲ್ಲಿರೋ ಮೊಟ್ಟೆಗೆ ತಕರಾರಿಲ್ಲ, ಮೀನು ಮಾಂಸ ಆಗಲ್ಲ. ಯಜಮಾನ್ರು ಮನೇಲಿ ತಿನ್ನಲ್ಲ, ಹೊರಗಡೆ ಮೀನು ಸಿಕ್ಕರೆ ಬಿಡಲ್ಲ. ಅವರಿಗೆ ಮೊಣಕಾಲು ನೋವು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು ಬಿಟ್ಟು ಎಷ್ಟೋ ಕಾಲ ಆಯ್ತು. ಸಮನೆಲ ಆದ್ರೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಈಗಲೂ ಬರ್ತಾರೆ. ಫ್ರೆಂಚ್ ಇಬ್ಬರಿಗೂ ಬರಲ್ಲ.

"ನೋಡಲೇಬೇಕಾದ ಹತ್ತು ಜಾಗ" ಥರದ್ದು ದಯವಿಟ್ಟು ಬೇಡ, ಅವು ಮಗನ ಹತ್ತಿರ ಬೇಕಾದಷ್ಟಿವೆ. ಅಲ್ಲೇ ಇರೋರು, ಹೋಗಿ ಬಂದೋರು, ಇಂಥ ಒಂದು ದಿನ ಸಿಕ್ಕಿದ್ರೆ ಹೇಗೆ ಕಳೀತಿದ್ರಿ ಅಂತ ಹೇಳಿ ಸಾಕು.

ಬೆನ್ನುಚೀಲ_ಬೆಂಗಳೂರು:

ಆಂಟಿ, ಒಂದೇ ದಿನ ಇರೋದು ಅಂದ್ರೆ ವೇಸ್ಟ್ ಮಾಡ್ಬೇಡಿ. ಬೆಳಿಗ್ಗೆ 8ಕ್ಕೆ ಬಿಟ್ಟು 82ನೇ ನಂಬರ್ ಬಸ್ಸಲ್ಲಿ ಎಝ್ ಹಳ್ಳಿಗೆ ಹೋಗಿ. ಸಮುದ್ರದಿಂದ 429 ಮೀಟರ್ ಮೇಲೆ, ಬಂಡೆ ತುದೀಲಿದೆ. ಮೇಲುಗಡೆ ಇರೋ ಕಳ್ಳಿಗಿಡಗಳ ತೋಟದಿಂದ ಸಿಗೋ ವ್ಯೂ ಇನ್ನೆಲ್ಲೂ ಸಿಗಲ್ಲ. ಅಲ್ಲಿಂದ ಮೊನಾಕೊ. ಅರಮನೆ ಮುಂದೆ 11:55ಕ್ಕೆ ಸರಿಯಾಗಿ ಗಾರ್ಡ್‌ಗಳು ಬದಲಾಗ್ತಾರೆ, ಮಿಸ್ ಮಾಡ್ಬೇಡಿ. ಕ್ಯಾಸಿನೊ ಮುಂದೆ ಫೋಟೋ. ನಾಲ್ಕು ಗಂಟೆ ಟ್ರೈನಿಗೆ ಮಾಂತೋಂ, ಅಲ್ಲಿಂದ ಸ್ವಲ್ಪ ಮುಂದೆ ಹೋದ್ರೆ ಇಟಲಿಯ ವೆಂತಿಮಿಲ್ಯಾ. ಪಿಜ್ಜಾ ತಿಂದು ರಿಟರ್ನ್. ಒಂದೇ ದಿನಕ್ಕೆ ಮೂರು ದೇಶ! ಮಧ್ಯಾಹ್ನಕ್ಕೆ ದಾರೀಲಿ ಏನಾದ್ರೂ ಸ್ಯಾಂಡ್‌ವಿಚ್ ತಗೊಂಡ್ರಾಯ್ತು.

ಬಂದರದ_ಧಾರವಾಡದಾಂವ:

ನಮಸ್ಕಾರ್ರಿ ಅಕ್ಕಾರ. ನಾ ಧಾರವಾಡದಾಂವ, ಭಾಳ ವರ್ಷ ಆತು ನೀಸ್‌ನ ಬಂದರದ ಬಾಜೂಕ ಮನಿ ಮಾಡಿ. ಮ್ಯಾಲೆ ಬರದ ತಮ್ಮನ ಪಟ್ಟಿ ಓದಿದೆ. ಹುರುಪು ಛಲೋ ಅದ. ಆದ್ರ ಅದರಾಗ ಊಟ ಎಲ್ಲದರಿ? ಮೂರು ದೇಶ ತಿರುಗಿ ಒಂದು ಸ್ಯಾಂಡ್‌ವಿಚ್ಚು! ಮತ್ತ ಎಝ್ ಹಳ್ಳಿ ಅಂದ್ರ ಪೂರಾ ಏರು, ಕಲ್ಲಿನ ಪಾವಟಿಗಿ. ನಿಮ್ಮ ಯಜಮಾನ್ರ ಮೊಣಕಾಲಿಗೆ ಅದು ಬ್ಯಾಡ. ಅದನ್ನ ಮಗನ ಕಾರಿಗೇ ಬಿಟ್ಟುಬಿಡ್ರಿ.

ಮೊದಲ ಒಂದು ಮಾತು ಹೇಳ್ತೀನಿ, ಉಳಿದದ್ದೆಲ್ಲಾ ಅದರ ಮ್ಯಾಲೆ ನಿಂತದ. ಈ ದಂಡಿ ಊರುಗಳನ್ನ ಆಳೂದು ಊಟದ ಗಡಿಯಾರ. ಕಾಯಿಪಲ್ಯದ ಪ್ಯಾಟಿ ಮಧ್ಯಾಹ್ನ ಒಂದು, ಒಂದೂವರಿಗೆ ಎತ್ತತಾರ. ಹೋಟೆಲಿನ ಅಡಗಿಮನಿ ಹನ್ನೆರಡಕ್ಕ ತಗೀತದ, ಎರಡಕ್ಕ ಮುಚ್ಚತದ. ಎರಡೂವರಿಗೆ ಹೋಗಿ ಕುಂತ್ರ ಕಾಫಿ ಕೊಡ್ತಾರ, ಊಟ ಕೊಡೂದಿಲ್ಲ. ಮತ್ತ ಒಲಿ ಹಚ್ಚೂದು ಸಂಜಿ ಏಳರ ಮ್ಯಾಲೆ. ಇಡೀ ದಿನ ತಗದಿರೋ ಹೋಟೆಲೂ ಅವ, ಬಾಗಲದಾಗ ತಿನಿಸಿನ ಫೋಟೋ ಹಚ್ಚಿರ್ತಾರ; ಅಲ್ಲಿ ನಾ ಅಂತೂ ಕಾಲಿಡೂದಿಲ್ಲ. ಅದಕ್ಕ ಊಟ, ತಿಂಡಿ ಎಲ್ಲೆ, ಎಷ್ಟಕ್ಕ ಅಂತ ಮೊದಲ ಗಟ್ಟಿ ಮಾಡ್ರಿ. ನೋಡೂದನ್ನ ಅದರ ಸುತ್ತ ಹೆಣೀರಿ.

ಈ ಊಟದ ಹುಚ್ಚು ಎಷ್ಟಂದ್ರ, ದಿನಾ ಮಧ್ಯಾಹ್ನ ಹನ್ನೆರಡಕ್ಕ ಕೋಟೆ ಗುಡ್ಡದ ಮ್ಯಾಲಿಂದ ಢಂ ಅಂತ ತೋಪು ಹಾರಸ್ತಾರ. 1860ರ ದಶಕದಾಗ ಚಳಿಗಾಲ ಕಳೀಲಿಕ್ಕೆ ಬಂದಿದ್ದ ಥಾಮಸ್ ಕೊವೆಂಟ್ರಿ ಅನ್ನೋ ಬ್ರಿಟಿಷ್ ಸಾಹೇಬಂದು ಈ ಉಸಾಬರಿ. ಹೆಂಡ್ತಿ ಗೆಳತ್ಯಾರ ಕೂಡ ಹರಟಿ ಹೊಡಕೋತ ಊಟದ ವ್ಯಾಳ್ಯಾಕ್ಕ ಮನಿಗೆ ಬರ್ತಿದ್ದಿಲ್ಲಂತ, ಆಕಿ ಕಿವಿಗೆ ಬೀಳ್ಲಿ ಅಂತ ತೋಪು ಹಾರಿಸಿದ್ನಂತ. ಊರಾಗಿನ ಕಥಿ ಇದು, ಆಕಿ ಕಡಿ ಮಾತು ಯಾರೂ ಬರದಿಟ್ಟಿಲ್ಲ. ಸಾಹೇಬ ಹೋದ, ಊರಿನವರು ಪದ್ಧತಿ ಉಳಿಸಿಕೊಂಡ್ರು. ಈಗ ಖರೇ ತೋಪಲ್ಲ, ದೊಡ್ಡ ಪಟಾಕಿ. ಗೊತ್ತಿಲ್ಲದಾವ್ರು ಕೈಯಾಗಿನ ಕಪ್ಪು ಚೆಲ್ಲಿಕೊಳ್ತಾರ.

ಈಗ ನಿಮ್ಮ ದಿನ. ಮುಂಜಾನೆ ಒಂಬತ್ತರ ಸುಮಾರಿಗೆ ಹಳೇ ಊರಿನ ಕೂರ್ ಸಲೇಯಾ ಪ್ಯಾಟಿಗೆ ಹೋಗ್ರಿ. ಸೋಮವಾರ ಮಾತ್ರ ಬ್ಯಾಡ, ಅವತ್ತು ಕಾಯಿಪಲ್ಯ ಇರೂದಿಲ್ಲ, ಹಳೇ ಸಾಮಾನಿನ ಸಂತಿ ಕೂಡ್ತದ. ಪಟ್ಟಿ ಪಟ್ಟಿ ಬಟ್ಟಿ ನೆರಳಿನ ಕೆಳಗ ಒಂದು ಕಡಿ ಹೂವು, ಒಂದು ಕಡಿ ಕಾಯಿಪಲ್ಯ. ಮೇ ತಿಂಗಳಾಗ ಸ್ಟ್ರಾಬೆರಿ ಇರ್ತಾವ, ಹಸೇ ತಿನ್ನೋ ಎಳೇ ಅವರಿಯಂಥ ಫೇವ್ ಕಾಳು ಇರ್ತಾವ, ಹಳದಿ ಹೂವು ಉದುರದ ಹಂಗ ಇಟ್ಟ ಎಳೇ ಝುಕೀನಿ ಇರ್ತಾವ. ಆ ಹೂವು ಹಿಟ್ಟಿನ್ಯಾಗ ಅದ್ದಿ ಕರದು ಮಾರ್ತಾರ, ಬಿಡಬ್ಯಾಡ್ರಿ. ನೀವಾಗೇ ಕೈ ಹಾಕಿ ಹಣ್ಣು ಆರಿಸಬ್ಯಾಡ್ರಿ, ಅಂಗಡಿಯಾವ್ರ ತಗದು ಕೊಡ್ತಾರ. ಪ್ಯಾಟಿಯ ಪೂರ್ವದ ತುದಿಗೆ ಎತ್ತರದ ಹಳದಿ ಮನಿ ಕಾಣ್ತದಲ್ಲ, ಚಿತ್ರಕಾರ ಮಾತೀಸ್ 1921ರಿಂದ 1938ರ ತನಕ ಅದರಾಗ ಇದ್ದ. ಒಳಗ ಹೋಗೂದು ಏನಿಲ್ಲ, ಕೆಳಗ ನಿಂತು ಕಿಟಕಿ ನೋಡಿ ಮುಂದ ನಡೀರಿ.

ಇನ್ನ ಸೊಕ್ಕಾ. ನೀಸ್‌ಗೆ ಬಂದು ಇದನ್ನ ತಿನ್ನದ ಹೋದ್ರ ನಾ ಬೈತೀನಿ. ಕಡ್ಲಿಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣಿ, ಇಷ್ಟ. ತತ್ತಿ ಇಲ್ಲ, ಹಾಲಿಲ್ಲ. ಗಾಡಿ ಗಾಲಿಯಷ್ಟು ಅಗಲದ ತಾಮ್ರದ ಪರಾತದಾಗ ತೆಳ್ಳಗ ಸುರುವಿ ಕಟಗಿ ಒಲಿಯೊಳಗ ತಳ್ಳತಾರ. ಮ್ಯಾಲೆ ಅಲ್ಲಲ್ಲಿ ಸುಟ್ಟ ಕರೇ ಕಲಿ, ಅಂಚು ಗರಿಗರಿ, ಒಳಗ ಮೆತ್ತಗ. ಕೆರದು ತುಂಡು ಮಾಡಿ ಕಾಗದದಾಗ ಹಾಕಿ ಕೊಡ್ತಾರ, ಮ್ಯಾಲೆ ಮೆಣಸಿನ ಪುಡಿ ನೀವ ಉದುರಿಸಿಕೋಬೇಕು. ನಮ್ಮವ್ವ ಮೊದಲ ಸಲ ತಿಂದಾಗ "ಇದೇನೋ ಕಡ್ಲಿಹಿಟ್ಟಿನ ದ್ವಾಶಿ, ಇದಕ್ಕ ವಿಮಾನ ಹತ್ತಿ ಬರಬೇಕಿತ್ತೇನು" ಅಂದ್ಲು. ಎರಡನೇ ತುಂಡು ತಗೊಂಡು ಸುಮ್ಮಾದ್ಲು. ಪ್ಯಾಟಿಯೊಳಗ ಶೇ ತೆರೇಸಾ ಅಂತ ಅಂಗಡಿ ಅದ, ಬಾಜೂ ಓಣಿಯ ಒಲಿಯಿಂದ ಗಾಡಿಯೊಳಗ ಬಿಸಿ ಪರಾತ ಬರ್ತಾವ. ಬಂದರದ ಹಿಂದ ಶೇ ಪಿಪೋ ಅದ, 1923ರಿಂದ ನಡದದ್ದು. ನನ್ನ ಮತ ಪಿಪೋಗೆ, ಆದ್ರ ಮುಂಜಾನಿಗೆ ಪ್ಯಾಟಿಯದ್ದ ಅನುಕೂಲ. ಒಂದ ಲಕ್ಷ್ಯ ಇಡ್ರಿ: ಪರಾತ ಖಾಲಿ ಆಗ್ಯದ, ಹೊಸದು ಬರಲಿಕ್ಕೆ ಹತ್ತು ಮಿನಿಟು ಅಂದ್ರ ಕಾಯ್ರಿ, ಅದು ನಶೀಬು. ಆರಿದ ಸೊಕ್ಕಾ ದುಡ್ಡು ಕೊಟ್ರೂ ಬ್ಯಾಡ.

ಮಾಂಸ ಮೀನಿನ ವಿಚಾರಕ್ಕ ಇಲ್ಲೇ ಎಚ್ಚರ. ಅದೇ ಅಂಗಡಿಯೊಳಗ ಪಿಸ್ಸಲಾದಿಯೇರ್ ಅಂತ ಇರ್ತದ: ತಾಸುಗಟ್ಟಲೆ ಬಾಡಿಸಿದ ಉಳ್ಳಾಗಡ್ಡಿ, ಸಣ್ಣ ಕರೇ ಆಲಿವ್, ಕೆಳಗ ರೊಟ್ಟಿ. ನೋಡಲಿಕ್ಕೆ ಸಾಧು. ಅದರಾಗ ಆಂಚೊವಿ ಮೀನು ಇರ್ತದ, ಕೆಲವೊಮ್ಮೆ ಅರದು ಹಚ್ಚಿರ್ತಾರ, ಕಣ್ಣಿಗೂ ಬೀಳೂದಿಲ್ಲ. ಪೆತೀ ಫಾರ್ಸಿ ಅಂದ್ರ ಟೊಮೆಟೊ, ಬದನಿಕಾಯಿ, ಝುಕೀನಿ ಎಣ್ಣಿಗಾಯಿ ನಮೂನಿ ಕುಂತಿರ್ತಾವ, ಹೊಟ್ಟಿಯೊಳಗ ಖೀಮಾ. ಇಲ್ಲಿನ ರವಿಯೋಲಿಯೊಳಗೂ ಬೀಫ್. ಪಾನ್ ಬಾನ್ಯಾ ಅನ್ನೋ ದುಂಡನ್ನ ಸ್ಯಾಂಡ್‌ವಿಚ್ಚಿನ್ಯಾಗ ಟ್ಯೂನಾ ಮೀನು. "ಸಾನ್ ವಿಯಾಂದ್, ಸಾನ್ ಪ್ವಾಸೋಂ" ಅನ್ರಿ: ಮಾಂಸ ಬ್ಯಾಡ, ಮೀನೂ ಬ್ಯಾಡ. ಬರೇ "ವೆಜಿಟೇರಿಯನ್" ಅಂದ್ರ ಮೀನು ಬಂದೀತು, ಅದಕ್ಕ ಎರಡೂ ಹೇಳ್ರಿ.

ಹನ್ನೊಂದು ದಾಟಿದ ಮ್ಯಾಲೆ ಕೋಟೆ ಗುಡ್ಡ. ಹೆಸರಿಗೆ ಕೋಟೆ, ಮ್ಯಾಲೆ ಕೋಟೆ ಇಲ್ಲ. ಹದಿನಾಲ್ಕನೇ ಲೂಯಿ 1706ರಾಗ ಕೆಡವಿಸಿದ, ಈಗ ಉದ್ಯಾನ. ಸಮುದ್ರದ ಕಡೆ ಬೆಲಾಂದಾ ಬುರುಜಿನ ಬುಡದಾಗ ಗುಡ್ಡದೊಳಗ ಕೊರದ ಲಿಫ್ಟ್ ಅದ, ದುಡ್ಡಿಲ್ಲ. ಪಾವಟಿಗಿ ಹತ್ತೋ ಹುಕಿ ಯಾರಿಗೂ ಬರಬಾರದು. ಮ್ಯಾಲೆ ನಿಂತ್ರ ಒಂದು ಕಡಿ ಕೆಂಪು ಹಂಚಿನ ಹಳೇ ಊರು, ಬಾಗಿದ ಕೊಲ್ಲಿ. ಇನ್ನೊಂದು ಕಡಿ ಬಂದರ. ಹನ್ನೆರಡರ ತೋಪು ಅಲ್ಲೇ ಕೇಳಿ, ಅದೇ ಲಿಫ್ಟಿನಾಗ ಇಳದು, ಸಮುದ್ರದ ಬಾಜೂಕ ಗುಡ್ಡ ಸುತ್ತಿ ಬಂದರಕ್ಕ ನಡೀರಿ. ಸಪಾಟ ದಾರಿ. ಆ ತಿರುವಿನ್ಯಾಗ ಗಾಳಿ ಭಾಳ, ಯಜಮಾನ್ರ ಟೊಪ್ಪಿಗಿ ಕೈಯಾಗ ಹಿಡ್ಕೊಳ್ರಿ.

ಬಂದರದಿಂದ 607ನೇ ಬಸ್ಸು. ರೈಲೂ ಅದ, ಜಲ್ದೀನೂ ಹೋಗ್ತದ, ಆದ್ರ ಅದರ ಹಾದಿಯೊಳಗ ಸುರಂಗ ಭಾಳ. ಬಸ್ಸು ಗುಡ್ಡದ ಸೊಂಟದ ಮ್ಯಾಲೆ ಸಮುದ್ರ ತೋರಸ್ಕೋತ ಹೋಗ್ತದ. ಬಲಗಡಿ ಕೂಡ್ರಿ. ಬಾಜೂ ಊರು ವಿಲ್‌ಫ್ರಾಂಶ್‌ನ ಒಕ್ತ್ರುವಾ ನಿಲ್ದಾಣದಾಗ ಇಳೀರಿ. ಅಲ್ಲಿಂದ ಬಂದರಕ್ಕ ಇಳಿಜಾರು. ಅಲ್ಲಿ ಹೋಟೆಲಿನ್ಯಾಗ ಒಂದು ಗಂಟೆಯೊಳಗ ಕುರ್ಚಿ ಹಿಡೀರಿ, ಇದ ನಿಮ್ಮ ದೊಡ್ಡ ಊಟ. ನೀರಿಗೆ "ಕರಾಫ್ ದೊ" ಅನ್ರಿ, ನಳದ ನೀರು ಪುಕ್ಕಟೆ ಕೊಡಬೇಕಂತ ಇಲ್ಲಿ ಕಾಯಿದೆನ ಅದ. ಬರೇ ವಾಟರ್ ಅಂದ್ರ ಬಾಟ್ಲಿ ತಂದು ಬಿಲ್ ಹಚ್ಚತಾರ. ನಿಮಗ ಸೂಪ್ ಓ ಪಿಸ್ತು ಸಿಕ್ರ ತಗೋರಿ: ಕಾಳು, ಕಾಯಿಪಲ್ಯದ ದಪ್ಪ ಸಾರು, ಮ್ಯಾಲೆ ತುಳಸಿ ಜಾತಿಯ ಬೇಸಿಲ್ ಸೊಪ್ಪು, ಬಳ್ಳೊಳ್ಳಿ, ಆಲಿವ್ ಎಣ್ಣಿ ಕುಟ್ಟಿದ ಚಟ್ನಿ. ಕೆಲವರು ಹಂದಿ ಕೊಬ್ಬು ಹಾಕ್ತಾರ, ಕೇಳಿ ತಗೋರಿ. ಇಲ್ಲಂದ್ರ ಅದೇ ಪಿಸ್ತು ಚಟ್ನಿ ಹಾಕಿದ ನ್ಯೋಕ್ಕಿ ಅನ್ನೋ ಬಟಾಟಿಯ ಸಣ್ಣ ಉಂಡಿ, ಅಥವಾ ಕಡ್ಲಿಹಿಟ್ಟು ಮಗಚಿ ಕತ್ತರಿಸಿ ಕರದ ಪಾನಿಸ್. ಎರಡು ತಾಸು ಕುಂತ್ರೂ ಯಾರೂ ಎಬ್ಬಸೂದಿಲ್ಲ. ಬಿಲ್ ಅವರಾಗೇ ತರೂದಿಲ್ಲ, ಕೇಳಬೇಕು.

ಊಟಾದ ಮ್ಯಾಲೆ ರೂ ಒಬ್ಸ್ಕೂರ್. ಮನಿಗಳ ಕೆಳಗ ಹಾದು ಹೋಗೋ ಮುಚ್ಚಿದ ಓಣಿ, ಹದಿಮೂರನೇ ಶತಮಾನದ್ದು, ಸುಮಾರು 130 ಮೀಟರ್. ಬಿಸಲಾಗ ಉಂಡು ಬಂದಾವ್ರಿಗೆ ಆ ತಂಪು ಭಾಳ ಹಿತ. ಬಂದರದ ಮ್ಯಾಲ ಬೆಸ್ತರ ಸಣ್ಣ ಪ್ರಾರ್ಥನಾಮಂದಿರ ಅದ, ಸಂತ ಪೀಟರ್‌ಂದು. ಕವಿ, ಚಿತ್ರಕಾರ ಝಾನ್ ಕೊಕ್ತೊ 1957ರಾಗ ಗೋಡಿ, ಛತ್ತು ಎಲ್ಲಾ ಗೆರಿಯಿಂದ ತುಂಬ್ಯಾನ. ಮ್ಯೂಸಿಯಂ ಬ್ಯಾಡ ಅಂದ್ರಿ, ಆದ್ರ ಇದಕ್ಕ ಹದಿನೈದು ಮಿನಿಟು ಸಾಕು. ಆಮ್ಯಾಲೆ ನೀರಿನ ದಂಡಿಗುಂಟ ನಡದ್ರ ಮರಿನಿಯೇರ್ ಬೀಚು. ನೀಸ್‌ನ ಬೀಚಿನ ತುಂಬ ಉರುಟು ಕಲ್ಲು, ಬರಿಗಾಲಿಗೆ ತ್ರಾಸ, ಇಲ್ಲೆ ಮರಳದ. ನೀರು ಮೇ ತಿಂಗಳಾಗ ತಣ್ಣಗ ಇರ್ತದ, ಕಾಲಷ್ಟ ಇಳಿಬಿಡ್ರಿ.

ಮೂರೂವರಿ, ನಾಕರ ಹೊತ್ತಿಗೆ ದಣಿವಾಗಿದ್ರ ಅಲ್ಲೇ ಕೂಡ್ರಿ, ಮುಂದಿಂದು ಬಿಡ್ರಿ. ಹುರುಪಿದ್ರ ಬೀಚಿನ ಮ್ಯಾಲೆ ರೈಲು ನಿಲ್ದಾಣ, ಅರ್ಧ ತಾಸಿನ್ಯಾಗ ಮಾಂತೋಂ. ಮುಂದ ಇಟಲಿ. ಈ ಊರಿನ ನಿಂಬಿಹಣ್ಣಿಗೆ 2015ರಾಗ ಯುರೋಪಿನ ಭೌಗೋಳಿಕ ಗುರುತು ಸಿಕ್ಕದ. ನಿಂಬಿ ಇಲ್ಲೆ ಬರೇ ಹಣ್ಣಲ್ಲ, ರಾಜಕಾರಣ. ಮೊದಲ ಮಾಂತೋಂ ಮೊನಾಕೊ ರಾಜರ ಕೈಯಾಗಿತ್ತು. ನಿಂಬಿ, ಎಣ್ಣಿ ಮ್ಯಾಲಿನ ಸುಂಕಕ್ಕ ಬ್ಯಾಸತ್ತು 1848ರಾಗ ಮಂದಿ ತಿರುಗಿ ಬಿದ್ರು, ಬಾಜೂ ಊರು ರೋಕ್‌ಬ್ರೂನ್ ಕೂಡ ಸೇರಿಸಿಕೊಂಡು ಸ್ವತಂತ್ರ ಅಂತ ಸಾರಿದ್ರು. 1861ರಾಗ ಮೊನಾಕೊ ರಾಜ 40 ಲಕ್ಷ ಫ್ರಾಂಕ್ ತಗೊಂಡು ಎರಡೂ ಊರು ಫ್ರಾನ್ಸಿಗೆ ಬಿಟ್ಟುಕೊಟ್ಟ. ಈಗ ಮೊನಾಕೊ ಅಂಗೈಯಷ್ಟು ಉಳದದ್ದು ಅದಕ್ಕ. ಫೆಬ್ರವರಿಯೊಳಗ ನಿಂಬಿ ಜಾತ್ರಿ ಮಾಡ್ತಾರ, 1934ರಿಂದ ನಡದದ. ಆನಿ, ಅರಮನಿ ಎಲ್ಲಾ ಹಣ್ಣಿನಿಂದ ಕಟ್ಟತಾರ. ನಗಿ ಬರೂ ಮಾತಂದ್ರ ಆ ಹಣ್ಣು ಬರೂದು ಸ್ಪೇನ್‌ನಿಂದ. ಸ್ವಂತ ನಿಂಬಿ ಅಷ್ಟು ಅಗ್ಗಿಲ್ಲ.

ಮಾಂತೋಂನ ಹಳೇ ಊರು ಏರಿನ ಮ್ಯಾಲದ, ಸಂತ ಮೈಕೆಲ್ ಚರ್ಚಿಗೆ ಅಗಲ ಪಾವಟಿಗಿ. ಯಜಮಾನ್ರು ಕೆಳಗ ನಿಂಬಿ ಸೋರ್ಬೆ ತಿನ್ಕೋತ ಕೂಡ್ಲಿ, ನೀವು ಹತ್ತಿ ನೋಡಿ ಬರ್ರಿ. ಚರ್ಚಿನ ಮುಂದಿನ ಅಂಗಳದಾಗ ಕರೇ ಬಿಳೇ ಉರುಟು ಕಲ್ಲು ಕೂಡಿಸಿ ಮೊನಾಕೊ ರಾಜರ ಗ್ರಿಮಾಲ್ಡಿ ಮನೆತನದ ಲಾಂಛನ ಬಿಡಿಸ್ಯಾರ.

ವಾಪಸ್ ಬರೂ ರೈಲಿನ್ಯಾಗ ಎಡಗಡಿ ಕಿಟಕಿ. ಮೇ ತಿಂಗಳಾಗ ಹೊತ್ತು ಮುಳುಗೂದು ಎಂಟೂವರಿ ದಾಟಿದ ಮ್ಯಾಲೆ, ಅದಕ್ಕ ನೀಸ್‌ಗೆ ಬಂದ ಮ್ಯಾಲೂ ಬೆಳಕಿರ್ತದ. ಪ್ಲಾಸ್ ರೊಸೆತ್ತಿಯೊಳಗ ಫೆನೊಕ್ಯೊ ಐಸ್‌ಕ್ರೀಮ್ ಅಂಗಡಿ, ತೊಂಬತ್ತರ ಮ್ಯಾಲೆ ರುಚಿ ಅವ: ಬೇಸಿಲ್, ಟೊಮೆಟೊ, ಲ್ಯಾವೆಂಡರ್. ಟೊಮೆಟೊ ನಾ ತಿಂದೀನಿ, ನಿಮಗ ಶಿಫಾರಸು ಮಾಡೂದಿಲ್ಲ. ಕಪ್ಪು ಹಿಡ್ಕೊಂಡು ಸಮುದ್ರದ ದಂಡಿಯ ಪ್ರೊಮೆನಾದ್ ದೆಸಾಂಗ್ಲೇ ರಸ್ತಾದ ನೀಲಿ ಕುರ್ಚಿಯೊಳಗ ಕೂಡ್ರಿ. ಕುರ್ಚಿಗೆ ದುಡ್ಡಿಲ್ಲ.

ಮೈಸೂರಮ್ಮ:

ಧಾರವಾಡದವರೇ, ಇದನ್ನ ಯಜಮಾನ್ರಿಗೆ ಜೋರಾಗಿ ಓದಿ ಹೇಳ್ದೆ. ಹೆಂಡತಿಗೋಸ್ಕರ ತೋಪು ಹಾರಿಸಿದ ಕಥೆ ಕೇಳಿ ಮಹಾಶಯರು ಎರಡು ಸಲ ನಕ್ಕರು, ಯಾಕೆ ಅಂತ ನಾನು ಕೇಳಲಿಲ್ಲ. ಉಳ್ಳಾಗಡ್ಡಿ ರೊಟ್ಟಿ ವಿಷಯ ಹೇಳಿದ್ದು ಬಹಳ ಒಳ್ಳೇದಾಯ್ತು, ನಾನು ಖಂಡಿತ ಅದನ್ನೇ ತಗೋತಿದ್ದೆ.

ಎರಡು ಪ್ರಶ್ನೆ. ಯಜಮಾನ್ರು ಯಾವ ಮೀನು ಕೇಳಬೇಕು? ಮತ್ತೆ ಕಾಫಿ. ನಾನು ಮೈಸೂರಿನವಳು, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಅಂದಹಾಗೆ ಗುರುವಾರ ಹೋಗೋಣ ಅಂತಿದ್ದೀವಿ.

ಮಲ್ಪೆ_ಹಡಗಿನವ:

ಮೀನಿನ ವಿಷಯ ನಾನು ಹೇಳ್ತೇನೆ ಅಕ್ಕ. ನಾನು ಕ್ರೂಸ್ ಹಡಗಿನ ಅಡುಗೆ ವಿಭಾಗದಲ್ಲಿದ್ದವ, ಮನೆ ಮಲ್ಪೆ. ವಿಲ್‌ಫ್ರಾಂಶ್ ಕೊಲ್ಲಿ ಭಾರೀ ಆಳ ಉಂಟು, ದೊಡ್ಡ ಹಡಗು ನಡುವಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುವುದು. ನಮಗೆ ಸ್ವಲ್ಪ ರಜೆ ಸಿಕ್ಕಿದರೆ ಅದೇ ದೋಣಿಯಲ್ಲಿ ಇಳಿದು ಊಟಕ್ಕೆ ಓಡುವುದು. ಹಾಗಾಗಿ ಆ ಊರಿನ ಚರ್ಚ್ ಎಂತದೂ ನನಗೆ ಗೊತ್ತಿಲ್ಲ, ಊಟ ಗೊತ್ತು.

ನಿಮ್ಮ ಯಜಮಾನರಿಗೆ ಸಾರ್ದಿನ್ ಫಾರ್ಸಿ ಹೇಳಿ. ಸಾರ್ದಿನ್ ಅಂದ್ರೆ ನಮ್ಮ ಬೂತಾಯಿಯ ಬಳಗವೇ. ಮುಳ್ಳು ತೆಗೆದು ಬಿಡಿಸಿ, ಒಳಗೆ ಬ್ಲೆತ್ ಅಂತ ಒಂದು ಸೊಪ್ಪು ತುಂಬಿಸಿ ಬೇಯಿಸ್ತಾರೆ. ಖಾರ ಇಲ್ಲ, ಹುಳಿ ಇಲ್ಲ, ಆದ್ರೂ ಒಳ್ಳೆದುಂಟು ಮಾರಾಯ್ರೆ. ದೊರಾದ್, ಲೂ ಅಂತ ಎರಡು ಮೀನು ಎಲ್ಲಾ ಕಡೆ ಇಡಿಯಾಗಿ ಸುಟ್ಟು ಕೊಡ್ತಾರೆ. ಜಾಗ್ರತೆ ಎಂತದು ಅಂದ್ರೆ, ಕೆಲವು ಕಡೆ ಮೆನುವಿನಲ್ಲಿ ಬರೆದ ರೇಟು 100 ಗ್ರಾಂಗೆ. ಇಡೀ ಮೀನು ತೂಕ ಹಾಕಿ ಬಿಲ್ ಮಾಡ್ತಾರೆ. ಮೊದಲೇ ತೂಕ ಕೇಳಿ, ಆಮೇಲೆ ತಲೆ ಆಡಿಸಿ. ಬೂಯಾಬೇಸ್ ಅಂತ ಮೀನು ಸಾರಿನ ಬೋರ್ಡ್ ಕಂಡರೆ ಬಿಡಿ, ಅದು ಮಾರ್ಸೇಯ ಕಡೆಯದ್ದು.

ಇನ್ನೊಂದು, ನೀರಿನ ಅಂಚಿಗೇ ಮೇಜು ಹಾಕಿದ್ದು ನೋಡಿ ಹೆದರಬೇಡಿ. ಈ ಸಮುದ್ರದಲ್ಲಿ ಉಬ್ಬರ ಇಳಿತ ಒಂದಡಿಯ ಆಸುಪಾಸು ಅಷ್ಟೇ. ನಮ್ಮಲ್ಲಿ ಹಾಗೆ ಮೇಜು ಹಾಕಿದರೆ ಸಂಜೆಗೆ ಮೇಜೂ ಇಲ್ಲ, ಬಿಲ್ಲೂ ಇಲ್ಲ.

ಶಿವಮೊಗ್ಗ_ಟೀಚರ್:

ನನ್ನದೂ ಮೊಣಕಾಲಿನ ಕೇಸು, ಆದ್ದರಿಂದ ಧಾರವಾಡದವರ ಮಾತಿಗೆ ಒಂದು ತಿದ್ದುಪಡಿ. ವಿಲ್‌ಫ್ರಾಂಶ್ ಚೆನ್ನಾಗಿದೆ, ಆದರೆ ಹಳೇ ಊರೆಲ್ಲ ಇಳಿಜಾರು, ಓಣಿ ಓಣಿಗೂ ಮೆಟ್ಟಿಲು. ಇಳಿಯುವಾಗಲೇ ಮೊಣಕಾಲಿಗೆ ಜಾಸ್ತಿ ನೋವು ಅನ್ನೋದು ನೋವಿರೋರಿಗೇ ಗೊತ್ತು. ರೈಲು ನಿಲ್ದಾಣಕ್ಕೂ ಬೀಚಿನಿಂದ ಮೆಟ್ಟಿಲು ಹತ್ತಬೇಕು.

ಊಟ ಆದಮೇಲೆ ಮಾಂತೋಂವರೆಗೆ ಓಡೋ ಬದಲು ಒಂದೇ ನಿಲ್ದಾಣ ಮುಂದೆ, ಬೋಲ್ಯುನಲ್ಲಿ ಇಳಿಯಿರಿ. ಅಲ್ಲಿಂದ ಸೇಂ ಝಾನ್ ಕಾಪ್ ಫೆರಾ ಬಂದರಿನವರೆಗೆ ಸಮುದ್ರಕ್ಕೆ ಅಂಟಿಕೊಂಡೇ ಒಂದು ಕಾಲುದಾರಿ ಇದೆ, ಪ್ರೊಮೆನಾದ್ ಮೊರಿಸ್ ರೂವಿಯೇ ಅಂತ ಹೆಸರು. ಸಿಮೆಂಟ್ ದಾರಿ, ಸಮತಟ್ಟು, ವಾಹನ ಇಲ್ಲ. ನಮ್ಮ ನಡಿಗೆಗೆ ಮುಕ್ಕಾಲು ಗಂಟೆ. ಒಂದು ಕಡೆ ಶ್ರೀಮಂತರ ಬಂಗಲೆಗಳ ಕಾಂಪೌಂಡು, ಪೈನ್ ಮರಗಳ ನೆರಳು. ಇನ್ನೊಂದು ಕಡೆ ನೀರು, ಹಿಂದೆ ಎತ್ತರದ ಬಿಳಿ ಬಂಡೆಗಳು. ಕೂರೋಕೆ ಬೆಂಚುಗಳಿವೆ. ಆ ತುದಿಯಲ್ಲಿ ಕಾಫಿ ಕುಡಿದು 15ನೇ ನಂಬರ್ ಬಸ್ಸು ಹತ್ತಿದರೆ ನೇರ ನೀಸ್.

ತೋಟ ಇಷ್ಟ ಇದ್ದರೆ ಅದೇ ಕಾಪ್ ಫೆರಾದಲ್ಲಿ ಎಫ್ರೂಸಿ ರಾತ್ಶೀಲ್ಡ್ ಬಂಗಲೆಯ ಒಂಬತ್ತು ತೋಟಗಳೂ ಇವೆ, ಟಿಕೆಟ್ ಇದೆ. ಆದರೆ ನೀವು ಕೇಳಿದ ನಿಧಾನದ ದಿನಕ್ಕೆ ಅದನ್ನ ತುರುಕಬೇಡಿ, ಅದಕ್ಕೇ ಅರ್ಧ ದಿನ ಬೇಕು.

ಬಂದರದ_ಧಾರವಾಡದಾಂವ:

ಟೀಚರ್ ಅಕ್ಕಾರ ಹೇಳಿದ ದಾರಿ ನಂಗೂ ಒಪ್ಪಿಗಿ. ನಿಂಬಿ ಮ್ಯಾಲಿನ ಮೋಹಕ್ಕ ನಾ ಮಾಂತೋಂ ಹೇಳಿದೆ, ಮೊಣಕಾಲಿನ ಲೆಕ್ಕಕ್ಕ ಬೋಲ್ಯುನ ಛಲೋ. ನಿಂಬಿ ಮುರಬ್ಬ ಕೂರ್ ಸಲೇಯಾದಾಗೂ ಸಿಗ್ತದ, ಚೀಟಿ ಮ್ಯಾಲೆ ಮಾಂತೋಂ ಅಂತ ಬರದಿದ್ದು ನೋಡಿ ತಗೋರಿ.

ಕಾಫಿ: ಬರೇ "ಕೆಫೆ" ಅಂದ್ರ ಬೆರಳಿನಷ್ಟು ಕಪ್ಪಿನ್ಯಾಗ ಕರೇ ಎಸ್‌ಪ್ರೆಸೊ. "ನ್ವಾಜೆತ್" ಅಂದ್ರ ಅದರಾಗ ಒಂದಿಷ್ಟು ಹಾಲು. "ಕೆಫೆ ಕ್ರೆಮ್" ಅಂದ್ರ ದೊಡ್ಡ ಕಪ್ಪು, ಹಾಲೂ ಬರೋಬ್ಬರಿ. ನಿಮಗ ಮೂರನೇದು. ಚಿಕೋರಿ ಘಮ ಹುಡುಕಬ್ಯಾಡ್ರಿ, ಸಿಗೂದಿಲ್ಲ. ಒಂದು ಫಿಲ್ಟರ್, ಅರ್ಧ ಕಿಲೋ ಪುಡಿ ಸೂಟ್‌ಕೇಸಿನಾಗ ಇಟ್ಕೊಂಡು ಬರ್ರಿ, ಮನಿಯಾಗ ಕುಡದು ಹೊರಡ್ರಿ. ಮತ್ತ ಎಲ್ಲೇ ಹೋದ್ರೂ, ಬಸ್ಸಿನ ಡ್ರೈವರ್ ಇರಲಿ, ಕಾಯಿಪಲ್ಯದಾಕಿ ಇರಲಿ, ಮೊದಲ "ಬೋಂಝೂರ್" ಅನ್ರಿ, ಆಮ್ಯಾಲೆ ಇಂಗ್ಲಿಷಿನಾಗ ಕೇಳ್ರಿ. ಅದೊಂದು ಶಬ್ದ ಬಿಟ್ರ ಅವರ ಮಾರಿ ಗಂಟಾಗ್ತದ.

ಗುರುವಾರ ಅಂದ್ರಿ, ಅದಕ್ಕ ಕ್ಯಾಲೆಂಡರ್ ತಗದು ನೋಡ್ರಿ. ಮೇ 1 ಮತ್ತ ಮೇ 8 ಇಲ್ಲೆ ಸರಕಾರಿ ರಜಾ. ಅಸಾನ್ಸಿಯೋಂ ಅಂತ ಯೇಸು ಸ್ವರ್ಗಕ್ಕ ಏರಿದ ಹಬ್ಬ ಇನ್ನೊಂದು, ಅದು ಯಾವಾಗ್ಲೂ ಗುರುವಾರನ ಬರೂದು, ಹೆಚ್ಚಾಗಿ ಮೇ ತಿಂಗಳಾಗ. ಅವತ್ತು ಬಸ್ಸು ಕಡಿಮಿ, ಮಂದಿ ಭಾಳ. ಶುಕ್ರವಾರನೂ ರಜಾ ಹಾಕಿ ಎಲ್ಲಾರೂ ಸಮುದ್ರಕ್ಕ ಬರ್ತಾರ. ನಡುವ ಕಾನ್ ಸಿನಿಮಾ ಉತ್ಸವನೂ ಇದೇ ತಿಂಗಳು. ಮೊನಾಕೊದಾಗ ಕಾರ್ ರೇಸಿಗಂತ ವಾರಗಟ್ಟಲೆ ಮೊದಲ ರಸ್ತಾಕ್ಕ ಕಟಕಟೆ ಕಟ್ಟಲಿಕ್ಕೆ ಹಚ್ಚಿರ್ತಾರ, ಇದನ್ನ ಮಗನಿಗೂ ಹೇಳ್ರಿ. ಹಬ್ಬದ ಗುರುವಾರ ಇದ್ರ ಬುಧವಾರಕ್ಕ ಬದಲಿ ಮಾಡ್ರಿ. ಹಿಂದಿನ ರಾತ್ರಿ ರೈಲಿನ ಮುಷ್ಕರ ಏನರೆ ಅದನ ಅಂತನೂ ಫೋನಿನಾಗ ನೋಡ್ಕೊಳ್ರಿ. ಇದ್ರ ಚಿಂತಿಲ್ಲ, ಬೋಲ್ಯುಗೂ ಅದೇ 607 ಬಸ್ಸು ಹೋಗ್ತದ.

ಮೈಸೂರಮ್ಮ:

ಕ್ಯಾಲೆಂಡರ್ ನೋಡಿದೆ, ನಾವು ಇಟ್ಕೊಂಡಿದ್ದ ಗುರುವಾರ ಸರಿಯಾಗಿ ಆ ಹಬ್ಬಾನೇ! ಅದರ ಹಿಂದಿನ ವಾರದ ಬುಧವಾರ ಅಂತ ಬರೆದುಕೊಂಡ್ವಿ. ಮಾಂತೋಂ ಮಗನ ಪಟ್ಟಿಗೆ ಸೇರಿಸಿದೆ, ಮೊನಾಕೊ ಹೊಡೆದು ಹಾಕಿದೆ, ಅವನಿಗಿನ್ನೂ ಹೇಳಿಲ್ಲ. ಕಾಫಿಪುಡಿ ಒಂದು ಕಿಲೋ ಇರಲಿ ಅಂತಿದ್ದಾರೆ ಯಜಮಾನ್ರು.